ಮೂರು ಸಾರಿ ಕೂಗುವ ಮುಂಚೆ: ನಮ್ಮ ಸೀಮೆ ದನದ ಹರಾಜು ಕಲಿತ ಬಗೆ

ಕೂಗಿ ಮಾರುವ ಕೆಲಸಕ್ಕೆ ನಮ್ಮ ನಾಡಿನಲ್ಲಿ ಒಂದೇ ಹೆಸರಿಲ್ಲ. ಹಳೇ ಮೈಸೂರು ಕಡೆ ಹರಾಜು ಅಂತಾರೆ. ಧಾರವಾಡ, ಬೆಳಗಾವಿ ಕಡೆ ಲಿಲಾವು. ಮಂಗಳೂರು ಸೀಮೆಯಲ್ಲಿ ಏಲಂ. ದೇವಸ್ಥಾನದ ಅಂಗಳದಲ್ಲಿ ಹರಕೆಯ ತೆಂಗಿನಕಾಯಿ, ಬಾಳೆಗೊನೆ, ಕೋಳಿ ಮಾರುವಾಗ ಅದೇ ಕೆಲಸ ಸವಾಲು ಆಗುತ್ತದೆ.

ಈ ನಾಲ್ಕು ಪದಗಳಲ್ಲಿ ಒಂದೂ ಇಲ್ಲಿ ಹುಟ್ಟಿದ್ದಲ್ಲ. ಲಿಲಾವು ಮತ್ತು ಏಲಂ ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದು ಕರಾವಳಿಯಿಂದ ಮೇಲೆ ಹತ್ತಿದವು. ಹರಾಜು ಅರಬ್ಬಿ ಮೂಲದ್ದು. ಸವಾಲು ಕೂಡ ಅರಬ್ಬಿಯೇ, ಅದರ ಅರ್ಥ ಪ್ರಶ್ನೆ. ಯೋಚಿಸಿದರೆ ಹರಾಜು ಅನ್ನುವುದು ಪ್ರಶ್ನೆಯೇ ಅಲ್ಲವೇ? 'ಇಷ್ಟಕ್ಕೆ ಯಾರಾದರೂ ಇದ್ದೀರಾ' ಅಂತ ನಾಲ್ಕು ಜನರ ಮುಂದೆ ಕೇಳುವುದು.

ನಮ್ಮವರು ದನ ಮಾರುವಾಗ ನಾಲ್ಕು ಜನರ ಮುಂದೆ ಕೇಳುತ್ತಿರಲಿಲ್ಲ. ಟವೆಲ್ ಕೆಳಗೆ ಕೇಳುತ್ತಿದ್ದರು, ಈಗಲೂ ಎಷ್ಟೋ ಕಡೆ ಹಾಗೇ ಕೇಳುತ್ತಾರೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ಚುಂಚನಕಟ್ಟೆ, ಹೇಮಗಿರಿ, ಈ ಜಾತ್ರೆಗಳಲ್ಲಿ ಯಾವುದಕ್ಕೆ ಹೋದವರೂ ಇದನ್ನು ನೋಡಿರುತ್ತಾರೆ. ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಅಂತ. ಆಮೇಲೆ ಸುಳಿ ನೋಡುವುದು, ನಡೆಸಿ ನೋಡುವುದು. ಕೊನೆಗೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಮಾರುವವನ ಕೈ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾನೆ. ಮುಖದಲ್ಲಿ ಏನೂ ಕಾಣದು. ಒಬ್ಬ ತಲೆ ಅಲ್ಲಾಡಿಸುತ್ತಾನೆ, ಇನ್ನೊಬ್ಬ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಹೋಗಿ ಮತ್ತೆ ಬರುತ್ತಾನೆ.

ಇದನ್ನು ಬರೀ ಮೋಸದ ವಿದ್ಯೆ ಅನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ಮಗಳ ಮದುವೆಗೆ ಎತ್ತು ಮಾರುತ್ತಿರುವವನಿಗೆ ತನ್ನ ಕಷ್ಟ ಊರಿಗೆಲ್ಲ ಗೊತ್ತಾಗುವುದು ಬೇಡ. ಕೊಳ್ಳುವವನಿಗೂ ತನ್ನ ಹತ್ತಿರ ಎಷ್ಟು ದುಡ್ಡಿದೆ ಅಂತ ಸಂತೆಯಲ್ಲಿ ಸಾರುವುದು ಕ್ಷೇಮವಲ್ಲ. ಟವೆಲ್ ಇಬ್ಬರ ಮಾನವನ್ನೂ ಮುಚ್ಚುತ್ತದೆ.

ಆದರೆ ಅದು ರೇಟನ್ನೂ ಮುಚ್ಚುತ್ತದೆ. ಬೆಳಿಗ್ಗೆಯಿಂದ ಜಾತ್ರೆಯಲ್ಲಿ ಐವತ್ತು ಜೊತೆ ಮಾರಾಟವಾಗಿರಬಹುದು. ಐವತ್ತೊಂದನೇ ಜೊತೆ ಹೊಡೆದುಕೊಂಡು ಬಂದ ರೈತನಿಗೆ ಅವುಗಳಲ್ಲಿ ಒಂದರ ಬೆಲೆಯೂ ಗೊತ್ತಿರುವುದಿಲ್ಲ. ಐವತ್ತೂ ಬೆಲೆ ಗೊತ್ತಿರುವವನು ಒಬ್ಬನೇ, ದಲ್ಲಾಳಿ. ಬಯಲಿನಲ್ಲಿ ಕೂಗಿ ಮಾರುವ ಪದ್ಧತಿ ಈ ಗಂಟನ್ನು ಬಿಚ್ಚುತ್ತದೆ ಅನ್ನುವುದು ಹರಾಜಿನ ಪರ ಇರುವ ದೊಡ್ಡ ವಾದ. ವಾದ ಸರಿ. ಆದರೆ ಬರೀ ಕೂಗಿದ ಮಾತ್ರಕ್ಕೆ ಗಂಟು ಬಿಚ್ಚುವುದಿಲ್ಲ. ನಮ್ಮ ಭಾಗದ ದನದ ಹರಾಜಿನ ಹಳೆಯ ದಾಖಲೆ ನೋಡಿದಾಗ ನಮಗೆ ಎದ್ದು ಕಂಡದ್ದು ಇದೇ: ಲಾಭ ನಷ್ಟ ತೀರ್ಮಾನವಾಗುವುದು ಕೂಗುವ ದಿನವಲ್ಲ, ಅದಕ್ಕೆ ಎಷ್ಟೋ ದಿನ ಮುಂಚೆ.

ಮೊದಲು ಬಂದೀದೊಡ್ಡಿಯಿಂದ ಶುರು ಮಾಡೋಣ. ಉತ್ತರದ ಕಡೆ ಇದನ್ನೇ ಕೊಂಡವಾಡ ಅಂತಾರೆ. ಬೆಳೆ ಮೇಯ್ದ ದನವನ್ನು ಹಿಡಿದು ಕೂಡುವ ಜಾಗ. ಬ್ರಿಟಿಷರ ಆಡಳಿತದ ಸೀಮೆಗೆ 1871ರಲ್ಲಿ ದನಗಳ ಅತಿಕ್ರಮಣ ಕಾಯ್ದೆ ಬಂತು. ಅದರಲ್ಲಿ ಯಾರೂ ಕೇಳಿಕೊಂಡು ಬಾರದ ದನವನ್ನು ಹೇಗೆ ಹರಾಜು ಹಾಕಬೇಕು ಅಂತ ಬರೆದಿದ್ದಾರೆ. ಓದಿದರೆ ಆಶ್ಚರ್ಯವಾಗುವಷ್ಟು ವಿವರವಾಗಿದೆ.

ದನ ದೊಡ್ಡಿಗೆ ಬಿದ್ದು ಏಳು ದಿನವಾದರೂ ಯಜಮಾನ ಬರಲಿಲ್ಲ ಅಂದರೆ ದೊಡ್ಡಿಯವನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಠಾಣೆಯವರು ನೋಟೀಸು ಅಂಟಿಸಬೇಕು. ಎಷ್ಟು ದನ, ಗುರುತು ಏನು, ಎಲ್ಲಿ ಹಿಡಿದದ್ದು, ಎಲ್ಲಿ ಕೂಡಿದ್ದು ಎಲ್ಲ ಅದರಲ್ಲಿರಬೇಕು. ನೋಟೀಸು ಓದಲು ಬಾರದವರಿಗಾಗಿ, ದನ ಹಿಡಿದ ಜಾಗಕ್ಕೆ ಹತ್ತಿರದ ಊರಿನಲ್ಲೂ ಸಂತೆಯಲ್ಲೂ ಡಂಗುರ ಹೊಡೆಸಬೇಕು. ಆಮೇಲೆ ಇನ್ನೂ ಏಳು ದಿನ ಕಾಯಬೇಕು. ಆಗಲೂ ಯಾರೂ ಬರದಿದ್ದರೆ ಮಾತ್ರ ಬಹಿರಂಗ ಹರಾಜು. ಬಂದ ಹಣದಲ್ಲಿ ದಂಡ, ಮೇವಿನ ಖರ್ಚು ಕಳೆದು ಉಳಿದದ್ದು ಯಜಮಾನನಿಗೆ ಸೇರಬೇಕು, ಜೊತೆಗೆ ಲೆಕ್ಕದ ಚೀಟಿ ಕೊಡಬೇಕು. ದನಕ್ಕೆ ಹರಾಜಿನಲ್ಲಿ ನ್ಯಾಯವಾದ ಬೆಲೆ ಸಿಗುವ ಹಾಗಿಲ್ಲ ಅನ್ನಿಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಬೇರೆ ದಾರಿಯಲ್ಲಿ ವಿಲೇವಾರಿ ಮಾಡಬಹುದು.

ಈ ಕಾಯ್ದೆಯಲ್ಲಿ ಇನ್ನೊಂದು ಸಣ್ಣ ಕಲಂ ಇದೆ. ಪೊಲೀಸಿನವರಾಗಲಿ, ದೊಡ್ಡಿಯವನಾಗಲಿ ಆ ಹರಾಜಿನಲ್ಲಿ ದನ ಕೊಳ್ಳುವಂತಿಲ್ಲ. ನೇರವಾಗಿಯೂ ಇಲ್ಲ, ಬೇರೆಯವರ ಹೆಸರಿನಲ್ಲಿಯೂ ಇಲ್ಲ. ಕಾಯ್ದೆ ಬರೆದವರಿಗೆ ಲೋಕ ಗೊತ್ತಿತ್ತು. ಒಳ್ಳೆಯ ಹಸುವೊಂದು ದೊಡ್ಡಿಗೆ ಬಿದ್ದರೆ ಡಂಗುರದ ಸದ್ದು ಊರಿಗೆ ಕೇಳದ ಹಾಗೆ ಮೆಲ್ಲಗೆ ಹೊಡೆಸಿ, ಭಾಮೈದನ ಹೆಸರಿನಲ್ಲಿ ಕೂಗಿಕೊಳ್ಳುವ ಆಸೆ ಯಾರಿಗೆ ಬರುವುದಿಲ್ಲ? ದಾರಿ ಮುಚ್ಚಿದ್ದರು, ಕಾಗದದಲ್ಲಂತೂ.

ಆದರೆ ದೊಡ್ಡಿಯ ಹರಾಜು ಒಂದೆರಡು ದನದ ವಿಷಯ. ಸಾವಿರಾರು ದನ ಒಟ್ಟಿಗೆ ಮಾರಲು ಹೊರಟರೆ ಏನಾಗುತ್ತದೆ ಅನ್ನುವ ಪಾಠ ನಮ್ಮ ಅಮೃತಮಹಲ್ ಇತಿಹಾಸದಲ್ಲಿದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ಹಾಲು ಬೆಣ್ಣೆಗಾಗಿ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇತ್ತು. ದನ ಮೇಯಲು ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು, ಹೀಗೆ ಹಿಂಡು ತಿರುಗುತ್ತಿತ್ತು. ಹೈದರಾಲಿ ಈ ದನಗಳನ್ನು ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ತಿರುಗಿಸಿದ. ಟಿಪ್ಪು ಬೆಣ್ಣೆ ಚಾವಡಿಗೆ ಅಮೃತಮಹಲ್ ಅಂತ ಹೆಸರಿಟ್ಟ. ದನ ಸಾಕಲು ಒಂದು ಹುಕುಂನಾಮೆ, ಅಂದರೆ ನಿಯಮಗಳ ಪಟ್ಟಿ, ಹೊರಡಿಸಿದ. ವರ್ಷಕ್ಕೊಮ್ಮೆ ಹಿಂಡುಗಳ ಎಣಿಕೆ ನಡೆಯುತ್ತಿತ್ತು. ಟಿಪ್ಪುವಿನ ನಿಯಮಗಳು ಎಷ್ಟು ಗಟ್ಟಿಯಾಗಿದ್ದವು ಅಂದರೆ, ಅವನನ್ನು ಸೋಲಿಸಿದ ಬ್ರಿಟಿಷರ ಅಧಿಕಾರಿಗಳೂ ಅವುಗಳಲ್ಲಿ ಬಹುಪಾಲನ್ನು ಹಾಗೇ ಇಟ್ಟುಕೊಂಡರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಸ್ತುವಾರಿ ಕೈ ಬದಲಾಯಿಸಿತು, ದನಗಳು ಸೊರಗಿದವು. 1813ರಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆ ಅನ್ನುವವನ ಕೈಗೆ ಬಂದಾಗ ಮತ್ತೆ ಹಿಂಡು ಸುಧಾರಿಸಿತು. ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷ ಮದ್ರಾಸ್ ಸೈನ್ಯದ ಬಂಡಿಗಳನ್ನು ಎಳೆದದ್ದು ನಮ್ಮ ಬಯಲುಸೀಮೆಯ ಈ ಎತ್ತುಗಳು.

ಆಮೇಲೆ ಬಂದದ್ದು 1860. ಖರ್ಚು ಉಳಿಸಬೇಕು ಅಂತ ಸರ್ಕಾರ ಇಡೀ ಅಮೃತಮಹಲ್ ಅನ್ನೇ ಮುಚ್ಚಿತು, ಹಿಂಡುಗಳನ್ನು ಮಾರಿಬಿಟ್ಟಿತು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದ್ದಿರಬೇಕು. ಕಾವಲುಗಾರರ ಸಂಬಳ ಉಳಿಯಿತು, ದನ ಮಾರಿದ ದುಡ್ಡು ಖಜಾನೆಗೆ ಬಂತು, ಬೇಕಾದಾಗ ಎತ್ತುಗಳನ್ನು ಸಂತೆಯಲ್ಲಿ ಕೊಂಡರಾಯಿತು.

ಸಂತೆಗೆ ಹೋದಾಗ ಗೊತ್ತಾಯಿತು. ಕಳಪೆ ಎತ್ತಿಗೂ ಹೆಚ್ಚು ದುಡ್ಡು ತೆರಬೇಕಾಯಿತು. ಆರು ವರ್ಷದಲ್ಲಿ, 1866ಕ್ಕೆ, ಸರ್ಕಾರ ಮಾತು ಬದಲಿಸಿ ಮತ್ತೆ ಅಮೃತಮಹಲ್ ಕಟ್ಟಲು ಹೊರಟಿತು. ಆಗಿನ ಮಹಾರಾಜರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಬೆಂಬಲ ಕೊಟ್ಟರು. ಆದರೆ ಬೀಜದ ದನ ಎಲ್ಲಿದೆ? ಮಾರಿದ ಒಳ್ಳೆಯ ದನಗಳಲ್ಲಿ ಬಹಳಷ್ಟನ್ನು ಈಜಿಪ್ಟಿನ ಪಾಷಾ ಕೊಂಡುಬಿಟ್ಟಿದ್ದ ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಲ್ಲಿ ಇಲ್ಲಿ ಹುಡುಕಿ ಸುಮಾರು 4000 ಹಸು, 100 ಬೀಜದ ಹೋರಿ ಸೇರಿಸಿ ಮತ್ತೆ ಶುರು ಮಾಡಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. 1860ರಲ್ಲಿ ಯಾರೋ ದನ ಕದ್ದರು, ರೇಟಿನಲ್ಲಿ ಮೋಸ ಮಾಡಿದರು ಅಂತ ನಾವು ಎಲ್ಲೂ ಓದಿಲ್ಲ. ತಪ್ಪಿದ್ದು ಬೇರೆ ಕಡೆ. ಯಾವುದನ್ನು ಮಾರಬಾರದು ಅನ್ನುವ ಪಟ್ಟಿಯನ್ನೇ ಮಾಡಲಿಲ್ಲ. ಹತ್ತು ಕುರಿ ಇರುವ ಕುರಿಗಾರನಿಗೂ ಇದು ಗೊತ್ತು. ಹಬ್ಬಕ್ಕೆ ರೇಟು ಏರಿದೆ ಅಂತ ಬೀಜದ ಟಗರನ್ನು, ಎರಡು ಮರಿ ಹಾಕುವ ತಾಯಿಕುರಿಯನ್ನು ಮಾರುವುದಿಲ್ಲ. ಕೊಳ್ಳುವವನ ಕಣ್ಣು ಮೊದಲು ಬೀಳುವುದು ಅವುಗಳ ಮೇಲೇ. ಹರಾಜಿನಲ್ಲಿ ಎಲ್ಲವನ್ನೂ ಇಟ್ಟರೆ ಒಳ್ಳೆಯದು ಮೊದಲು ಹೋಗುತ್ತದೆ, ಉಳಿದದ್ದು ನಮ್ಮ ಕೊಟ್ಟಿಗೆಗೆ ವಾಪಸ್ಸು ಬರುತ್ತದೆ. ಒಂದು ಸಾಮ್ರಾಜ್ಯಕ್ಕೆ ಈ ಸಣ್ಣ ಮಾತು ತಿಳಿಯಲು ಆರು ವರ್ಷ ಬೇಕಾಯಿತು.

ಈಗಿನ ಅಮೃತಮಹಲ್ ಹರಾಜು ಆ ಪಾಠದ ಮೇಲೆ ನಿಂತಿದೆ ಅನ್ನಬಹುದು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಮತ್ತು ಅದರ ಕಾವಲುಗಳಲ್ಲಿ ಬೆಳೆದ ಹೋರಿಕರುಗಳನ್ನು ಬೀರೂರಿನಲ್ಲಿ ಹರಾಜು ಹಾಕುತ್ತಾರೆ. ಹೋರಿಕರುಗಳನ್ನು ಮಾತ್ರ. ಹಸುಗಳು ಹಿಂಡಿನಲ್ಲಿ ಉಳಿಯುತ್ತವೆ, ಬೀಜಕ್ಕೆ ಆರಿಸಿದ ಹೋರಿಗಳೂ ಉಳಿಯುತ್ತವೆ. ಮಿಕ್ಕವು ಜೊತೆ ಜೊತೆಯಾಗಿ ಕೂಗಿಗೆ ಬರುತ್ತವೆ.

ಈ ಜೊತೆ ಮಾಡುವ ಕೆಲಸವೇ ಒಂದು ವಿದ್ಯೆ. ಎತ್ತರ, ಬಣ್ಣ, ಕೊಂಬಿನ ತಿರುವು, ವಯಸ್ಸು ಒಂದಕ್ಕೊಂದು ಹೊಂದಬೇಕು. ಒಂದು ಕರು ಎಷ್ಟೇ ಚೆಂದ ಇದ್ದರೂ ಪಕ್ಕದ್ದು ಒಂದು ಗೇಣು ಗಿಡ್ಡ ಇದ್ದರೆ ನೊಗ ಒಂದು ಕಡೆ ವಾಲುತ್ತದೆ, ರೇಟೂ ವಾಲುತ್ತದೆ. ಜೊತೆ ಸರಿಯಾಗಿ ಕೂಡಿಸಿದವನು ಕೂಗುವವನಿಗಿಂತ ಹೆಚ್ಚು ದುಡ್ಡು ತಂದುಕೊಡುತ್ತಾನೆ ಅಂತ ನಮಗೆ ಅನ್ನಿಸುತ್ತದೆ. ಅವನ ಫೋಟೋ ಮಾತ್ರ ಪೇಪರಿನಲ್ಲಿ ಬರುವುದಿಲ್ಲ. ನಾವೂ ಕೂಗಿನದ್ದೇ ಫೋಟೋ ಹಾಕುತ್ತೇವೆ, ಇನ್ನೇನು ಮಾಡುವುದು.

ಕೊಳ್ಳಲು ಬರುವವರಲ್ಲಿ ಉಳುವವರೂ ಇರುತ್ತಾರೆ, ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಹಬ್ಬದ ಹುಚ್ಚಿನವರೂ ಇರುತ್ತಾರೆ. ಒಳ್ಳೆಯ ಜೊತೆಗೆ ಲಕ್ಷ ದಾಟುವುದು ಈಗ ಅಪರೂಪವಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಹೀಗಿದೆ. ಕಾವಲುಗಳು ಮಾತ್ರ ಕರಗುತ್ತಾ ಬಂದಿವೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಅದು ಬೇರೆಯೇ ಬರೆಯಬೇಕಾದ ಕಥೆ.

ಇನ್ನು ಕೂಗಿನ ವಿಷಯ. 'ಸರ್ಕಾರಿ ಸವಾಲು ಇಷ್ಟು' ಅಂತ ಶುರುವಾಗಿ 'ಒಂದು ಸಾರಿ, ಎರಡು ಸಾರಿ, ಮೂರು ಸಾರಿ' ಅಂತ ಮುಗಿಯುವ ಈ ಪದ್ಧತಿಯ ಹಿಂದೆ ಕಾಯ್ದೆ ಇದೆ ಅಂತ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. 1872ರ ಕರಾರು ಕಾಯ್ದೆಯಲ್ಲೇ ಅದರ ಬೀಜ ಇತ್ತು. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಅದನ್ನು ಬಿಡಿಸಿ ಹೇಳಿತು. ಕಾಯ್ದೆಯ ಕಣ್ಣಿಗೆ ಎತ್ತು ಕೂಡ ಚರಾಸ್ತಿ. ನಿಜವಾಗಿ ಕಾಲಿನ ಮೇಲೆ ಓಡಾಡುವ ಚರಾಸ್ತಿ ಅದೊಂದೇ ಇರಬೇಕು.

ಆ ಕಲಂ ಹೇಳುವುದನ್ನು ಹಳ್ಳಿ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂದೊಂದು ಜೊತೆಯೂ ಬೇರೆ ಬೇರೆ ವ್ಯಾಪಾರ, ಒಂದರಲ್ಲಿ ಜಗಳ ಬಂದರೆ ಇನ್ನೊಂದು ಕೆಡುವುದಿಲ್ಲ. ಸುತ್ತಿಗೆ ಬಿದ್ದಾಗ, ಅಥವಾ ಆ ಊರಿನ ರೂಢಿಯಂತೆ ಮುಗಿಯಿತು ಅಂತ ಸಾರಿದಾಗ, ವ್ಯಾಪಾರ ಕುದುರಿದ ಹಾಗೆ. ನಮ್ಮ ಮೂರನೇ ಸಾರಿ ಅನ್ನುವುದು ಈ ರೂಢಿಯೊಳಗೆ ಬರುತ್ತದೆ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗು ವಾಪಸ್ಸು ತೆಗೆದುಕೊಳ್ಳಬಹುದು. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ತಳದ ರೇಟು ಇಡಬಹುದು.

ಮಾರುವವನು ತಾನೇ ಕೂಗಬೇಕು ಅಂತಿದ್ದರೆ ಆ ಹಕ್ಕು ಇಟ್ಟುಕೊಂಡಿದ್ದೇನೆ ಅಂತ ಮೊದಲೇ ತಿಳಿಸಿರಬೇಕು. ತಿಳಿಸದೆ ತನ್ನ ಕಡೆಯವನನ್ನು ಗುಂಪಿನಲ್ಲಿ ನಿಲ್ಲಿಸಿ ಕೂಗಿಸಿದರೆ ಕೊಂಡವನು ಅದನ್ನು ವಂಚನೆ ಅನ್ನಬಹುದು. ರೇಟು ಏರಿಸಲೆಂದೇ ಸುಳ್ಳು ಕೂಗು ಕೂಗಿಸಿದ್ದರೆ ಕೊಂಡವನು ವ್ಯಾಪಾರವನ್ನೇ ಬೇಡ ಅನ್ನಬಹುದು. ಜಾತ್ರೆಯಲ್ಲಿ ದನ ಕಂಡು ಬೆರಗಾದ ಹಾಗೆ ನಟಿಸಿ ರೇಟು ಹತ್ತಿಸುವ ಆಸಾಮಿಯನ್ನು ನೀವೂ ನೋಡಿರುತ್ತೀರಿ. ಅವನನ್ನು ಕಾಯ್ದೆ ಎಂದೋ ಗುರುತಿಸಿ ಇಟ್ಟಿದೆ.

ಕಾಯ್ದೆ ಅಷ್ಟು ಸುಲಭವಾಗಿ ಹಿಡಿಯಲಾರದ್ದು ಕೊಳ್ಳುವವರ ಕೂಟವನ್ನು. ನಾಲ್ಕು ವ್ಯಾಪಾರಿಗಳು ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಇವತ್ತು ಒಬ್ಬನೇ ಕೂಗೋಣ, ಆಮೇಲೆ ಹಂಚಿಕೊಳ್ಳೋಣ ಅಂತ ಮಾತಾಡಿಕೊಂಡರೆ ಬಯಲಿನ ಹರಾಜು ಟವೆಲ್ ಕೆಳಗಿನ ವ್ಯಾಪಾರಕ್ಕಿಂತ ಕೀಳಾಗುತ್ತದೆ. ಹೊರಗೆ ಮಾತ್ರ ಎಲ್ಲ ಸರಿಯಾಗಿ ನಡೆದ ಹಾಗೆ ಕಾಣುತ್ತದೆ. ಇದಕ್ಕೆ ಮದ್ದು ಎರಡೇ. ಒಂದು, ದೂರದವರಿಗೂ ಸುದ್ದಿ ಮುಟ್ಟಿಸಿ ಕೊಳ್ಳುವವರ ಸಂಖ್ಯೆ ಹೆಚ್ಚಿಸುವುದು, ಅಂದರೆ ಹಳೆಯ ಡಂಗುರ. ಇನ್ನೊಂದು, ಗಟ್ಟಿಯಾದ ತಳದ ರೇಟು. ಆ ರೇಟು ಮುಟ್ಟದಿದ್ದರೆ ದನ ಮನೆಗೆ ವಾಪಸ್ಸು ಹೊಡೆದುಕೊಂಡು ಹೋಗುವ ತಾಕತ್ತು ಮಾರುವವನಿಗಿರಬೇಕು. ಸಾಲದವನು ಬಾಗಿಲಲ್ಲಿ ಕೂತಿದ್ದರೆ ಆ ತಾಕತ್ತು ಬರುವುದಿಲ್ಲ, ಅದೂ ನಿಜ.

ಈ ಹಳೆಯ ಕಥೆ ಈಗ ಯಾಕೆ ಅಂದರೆ, ಕುರಿ ಸಾಕುವವರ ಸಂಘಗಳಲ್ಲಿ, ಮೇಕೆ ಸಾಕುವ ಹೆಂಗಸರ ಗುಂಪುಗಳಲ್ಲಿ ನಾವೇ ಒಂದು ಹರಾಜು ಮಾಡಿದರೆ ಹೇಗೆ ಅನ್ನುವ ಮಾತು ಕೇಳಿಬರುತ್ತಿದೆ. 2019ರ ಜಾನುವಾರು ಗಣತಿ ಪ್ರಕಾರ ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಅಮೀನಗಡದಂಥ ದೊಡ್ಡ ಕುರಿ ಸಂತೆಗಳಿವೆ. ಆದರೂ ಬಹುಪಾಲು ಕುರಿ ಮಾರುವುದು ಕಣ್ಣಂದಾಜಿನ ಮೇಲೆ. ಬೆನ್ನು ಹಿಚುಕಿ, ಸೊಂಟ ಎತ್ತಿ ನೋಡಿ ಇಷ್ಟು ಕಿಲೋ ಮಾಂಸ ಬೀಳುತ್ತದೆ ಅಂತ ಹೇಳುವ ವ್ಯಾಪಾರಿಯ ಅಂದಾಜು ಅಪರೂಪಕ್ಕೆ ತಪ್ಪುತ್ತದೆ. ಸಾಕಿದವರಿಗೆ ಆ ಅಭ್ಯಾಸವಿಲ್ಲ, ಅವರು ವರ್ಷಕ್ಕೆ ಒಂದೋ ಎರಡೋ ಸಲ ಮಾರುತ್ತಾರೆ.

ಹಾಗಾಗಿ ತೂಕದ ಯಂತ್ರ ಮೊದಲು ಬರಬೇಕು, ಮೈಕು ಆಮೇಲೆ. ಇಂಗ್ಲೆಂಡಿನಲ್ಲಿ 1887 ಮತ್ತು 1891ರಲ್ಲಿ ದನದ ಸಂತೆಗಳಲ್ಲಿ ತೂಕದ ವ್ಯವಸ್ಥೆ ಇರಬೇಕು ಅಂತ ಕಾಯ್ದೆಗಳನ್ನೇ ಮಾಡಿದರು. ಅಲ್ಲಿನ ರೈತರೂ ಕಣ್ಣಂದಾಜಿಗೆ ಸೋತವರೇ. ಮರಿಗೆ ನಂಬರು, ತೂಕ, ಹಲ್ಲು, ಯಾರ ಮನೆಯದು ಅಂತ ಬರೆದ ಒಂದು ಹಾಳೆ ಹಿಂದಿನ ದಿನವೇ ಎಲ್ಲರ ಫೋನಿಗೆ ಹೋದರೆ ದೂರದ ಕಟುಕರೂ, ಸಾಕುವವರೂ ಬರುತ್ತಾರೆ. ಒಂದೇ ಅಳತೆಯ ಮರಿಗಳನ್ನು ಐದೋ ಹತ್ತೋ ಸೇರಿಸಿ ಒಂದು ಗುಂಪು ಮಾಡಿದರೆ ಅದು ಬೀರೂರಿನ ಜೊತೆ ಕೂಡಿಸಿದ ಹಾಗೆ. ಕೂಗಲು ಬರುವವರಿಂದ ಮುಂಗಡ ಕಟ್ಟಿಸಿಕೊಳ್ಳದಿದ್ದರೆ ಕೂಗಿ ಎದ್ದು ಹೋಗುವವರು ಸಿಗುತ್ತಾರೆ. ಸಂಘದ ಕಾರ್ಯದರ್ಶಿ, ತೂಕ ಹಾಕುವವನು, ಲೆಕ್ಕ ಬರೆಯುವವನು ಕೂಗುವ ಹಾಗಿಲ್ಲ. 1871ರ ದೊಡ್ಡಿಯವನ ಕಲಂ ಇಲ್ಲಿಗೂ ಬರುತ್ತದೆ.

ಆರೋಗ್ಯದ ವಿಷಯ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನೂರು ಕೊಟ್ಟಿಗೆಯ ದನ ಒಂದು ಕಡೆ ಸೇರಿದರೆ ರೋಗವೂ ಸೇರುತ್ತದೆ. ಕಾಲುಬಾಯಿ ಜ್ವರ ಜಾತ್ರೆಯಿಂದ ಊರಿಗೆ ಬಂದ ಕಥೆ ಯಾವ ಹಿರಿಯರನ್ನು ಕೇಳಿದರೂ ಸಿಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಜಿಲ್ಲಾಡಳಿತಗಳು ದನದ ಜಾತ್ರೆ, ಸಂತೆಗಳನ್ನೇ ನಿಲ್ಲಿಸಿದವು. ಲಸಿಕೆ ಹಾಕಿಸಿ ಕೆಲವು ವಾರ ಕಳೆದ ದನಕ್ಕಷ್ಟೇ ಜಾಗ ಅಂತ ಹರಾಜಿನ ದಿನ ಗೊತ್ತು ಮಾಡುವಾಗಲೇ ಸಾರಬೇಕು. ಪಶುವೈದ್ಯರನ್ನು ಗೇಟಿನಲ್ಲಿ ನಿಲ್ಲಿಸಬೇಕು, ವೇದಿಕೆಯ ಮೇಲೆ ಕೂರಿಸಿ ಹಾರ ಹಾಕಿದರೆ ಆಗದು. ನೆರಳು, ನೀರು, ದನ ಹತ್ತಿಸುವ ದಿಬ್ಬ, ಇವು ಇಲ್ಲದ ಕಡೆ ಮಧ್ಯಾಹ್ನದ ಹೊತ್ತಿಗೆ ದನ ಬಾಡುತ್ತದೆ, ಬಾಡಿದ ದನಕ್ಕೆ ಕೂಗು ಏಳುವುದಿಲ್ಲ.

ಕೊನೆಗೆ ಚೀಟಿ. ದೊಡ್ಡಿಯ ಕಾಯ್ದೆಯಲ್ಲಿ ಲೆಕ್ಕದ ಚೀಟಿ ಯಜಮಾನನಿಗಿತ್ತು. ಈಗ ಕೊಂಡವನಿಗೂ ಅಷ್ಟೇ ಬೇಕು. 2020ರ ಗೋಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಎತ್ತು, ಹಸು ಸಾಗಿಸುವ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಉಳಲು ಕೊಂಡ ರೈತ ಕೂಡ ಕಾಗದ ತೋರಿಸಬೇಕು. ಬೀರೂರಿನಲ್ಲಿ ಕೊಂಡವರು ದುಡ್ಡು ಕಟ್ಟಿ ಚೀಟಿ ಜೇಬಿಗೆ ಹಾಕಿಕೊಂಡ ಮೇಲೂ ಕೆಲಸ ಮುಗಿದಿರುವುದಿಲ್ಲ. ಕಾವಲಿನಲ್ಲಿ ಅರೆಕಾಡಾಗಿ ಬೆಳೆದ ಹೋರಿಗಳವು, ಹಗ್ಗ ಕಂಡವಲ್ಲ. ಒಂದೊಂದನ್ನು ಗಾಡಿಗೆ ಹತ್ತಿಸಲು ಆರೇಳು ಜನ ಬೇಕು. ಹಾಗಾಗಿ ಅನುಭವಸ್ಥರು ಬರುವಾಗಲೇ ದುಡ್ಡಿನ ಜೊತೆ ಗಟ್ಟಿ ಹಗ್ಗವನ್ನೂ, ಊರಿನ ಒಂದಷ್ಟು ಹುಡುಗರನ್ನೂ ಕರೆದುಕೊಂಡು ಬರುತ್ತಾರೆ.